ಗೌಡರ ನೀಲಗಿರಿಗೆ ಕಟ್ಟಿದ ತಂತಿ

ಹೋದ ತಿಂಗಳು ನಮ್ಮ ನಡುಮನೆಯ ಫ್ಯಾನು ಸುಟ್ಟುಹೋಯಿತು. ಹೊಸದು ತಂದರಾಯಿತು ಬಿಡಮ್ಮ ಎಂದ ಮಗ. ನನಗೆ ಮನಸ್ಸಾಗಲಿಲ್ಲ. ಬಿಚ್ಚಿಸಿ, ಚೀಲಕ್ಕೆ ಹಾಕಿಕೊಂಡು, ಆನೇಕಲ್ ಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಗೆ ನಾನೇ ಹೋದೆ. ಅಂಗಡಿಯಾತ ಯಾವುದೋ ಪಂಪ್‌ಸೆಟ್ಟಿನ ಕಾಯಿಲಿಗೆ ಆಗತಾನೆ ವಾರ್ನಿಷ್ ಹೊಯ್ದು, ಒಣಗಲೆಂದು ದೊಡ್ಡ ಬಲ್ಬಿನ ಕೆಳಗೆ ಇಟ್ಟಿದ್ದ. ಬಿಸಿಗೆ ಏಳುತ್ತಿದ್ದ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಬಂದ ಕೆಲಸ ಮರೆತು ನಿಂತುಬಿಟ್ಟೆ. "ಏನಾಯ್ತಕ್ಕ, ತಲೆ ಸುತ್ತಾ?" ಎಂದು ಅವನು ಸ್ಟೂಲು ಎಳೆದು ಕೊಟ್ಟ.

ಆ ವಾಸನೆಯಲ್ಲೇ ಅರ್ಧ ಆಯುಷ್ಯ ಕಳೆದವಳು ನಾನು. ಕಾಯಿಲು ಸುತ್ತುವ, ಟ್ರಾನ್ಸ್‌ಫಾರ್ಮರ್ ಪರೀಕ್ಷೆ ಮಾಡುವ ಕೆಲಸವೇ ನನ್ನ ಅನ್ನ. ಆದರೂ ಅದು ನೆನಪಿಗೆ ತರುವುದು ನಾನು ದುಡಿದ ಯಾವ ಫ್ಯಾಕ್ಟರಿಯನ್ನೂ ಅಲ್ಲ. ರಾಜಗೋಪಾಲನಗರದ ಒಂದು ತಾರಸಿಯನ್ನು, ಅದರ ಮೇಲೆ ಪಂಚೆ ಉಟ್ಟು, ಬನಿಯನ್ನಿನ ಮೇಲೊಂದು ಸ್ವೆಟರ್ ಏರಿಸಿಕೊಂಡು, ಬೆಳಗಿನ ಚಳಿಯಲ್ಲಿ ನಿಂತ ಒಬ್ಬರನ್ನು. ಅವರನ್ನು ಇನ್ನು ನೆನೆಯಬಾರದು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ನೆನಪು ನನ್ನ ಮಾತು ಕೇಳಿದ್ದಾದರೂ ಯಾವಾಗ...

ನಾನು ಅವರನ್ನು ಮಾವ ಎನ್ನುತ್ತಿದ್ದೆ. ಸಂಬಂಧವೇನೂ ಇರಲಿಲ್ಲ. ಅವರ ಮನೆಯ ಹಿತ್ತಿಲ ಗೋಡೆಯೇ ನಮ್ಮ ಮನೆಯ ಹಿತ್ತಿಲ ಗೋಡೆ. ಅವರ ಮುಂಬಾಗಿಲು ಪೂರ್ವಕ್ಕೆ, ನಮ್ಮದು ಪಶ್ಚಿಮಕ್ಕೆ. ಅಪ್ಪನೂ ಅವರೂ ಒಂದೇ ಸರ್ಕಾರಿ ಕಾರ್ಖಾನೆಯವರು, ಒಂದೇ ಬಸ್ಸಿನಲ್ಲಿ ಹೋಗಿ ಬರುವವರು. ಅಪ್ಪ ಮೆಷಿನ್ ಶಾಪಿನಲ್ಲಿದ್ದರೆ ಮಾವ ವೈರ್‌ಲೆಸ್ ಸೆಟ್ಟುಗಳ ವಿಭಾಗದಲ್ಲಿ ಆಫೀಸರು. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಗೋಡೆಯ ಮೇಲಿಂದಲೇ ಅತ್ತೆ ಹುಳಿ ಕೊಡುತ್ತಿದ್ದರು, ಅಮ್ಮ ಪಲ್ಯ ಕೊಡುತ್ತಿದ್ದಳು.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿತ್ತೇನೋ. ನಾನು ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಯೂನಿಟ್ಟಿಗೆ ಸೇರಿದ್ದೆ. ಮಾವ ಹ್ಯಾಮ್ ರೇಡಿಯೊದವರು. ಅಂದರೆ ಸರ್ಕಾರದ ಲೈಸೆನ್ಸ್ ತೆಗೆದುಕೊಂಡು, ಮನೆಯಲ್ಲೇ ರೇಡಿಯೊ ಸ್ಟೇಷನ್ ಇಟ್ಟುಕೊಂಡು, ದೇಶವಿದೇಶದ ತಮ್ಮಂಥ ಹುಚ್ಚರ ಜೊತೆ ಮಾತಾಡುವವರು. ಅವರ ಕೋಣೆಯಿಂದ ಬರುವ, ಟೆಲಿಗ್ರಾಂ ಕಳಿಸುವ ಮೋರ್ಸ್ ಕೋಡಿನ ಕುಯ್ ಕುಯ್ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಒಂದು ದಿನ ಹುಳಿಯ ಪಾತ್ರೆ ವಾಪಸು ಕೊಡಲು ಹೋದವಳು ಆ ಕೋಣೆಯ ಬಾಗಿಲಲ್ಲೇ ನಿಂತೆ. ಎಲ್ಲೋ ಜಪಾನಿನಲ್ಲಿ ಕೂತ ಒಬ್ಬ ಮುದುಕ ಮಾವನಿಗೆ ತನ್ನ ಊರಿನ ಹಿಮದ ಬಗ್ಗೆ ಹೇಳುತ್ತಿದ್ದ. ಬರೀ ಚುಕ್ಕಿ, ಗೆರೆ. ಮಾವ ತಲೆ ಎತ್ತದೆಯೇ ಅದನ್ನು ಕನ್ನಡದಲ್ಲಿ ನನಗೆ ಹೇಳುತ್ತಾ ಹೋದರು. ಅವತ್ತೇ ನನಗೂ ಹುಚ್ಚು ಹಿಡಿಯಿತು ಎನ್ನಬೇಕು.

ಮಾವ ಕಲಿಸಿದರು. ಸುಳ್ಳು ಹೇಳಬಾರದು, ಅಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಏನನ್ನೂ ಕಲಿಸಿಲ್ಲ. ತಪ್ಪಿದರೆ ಬೈಯುತ್ತಿರಲಿಲ್ಲ, ಸುಮ್ಮನೆ ಮೇಜಿನ ಮೇಲೆ ಬೆರಳಿಂದ ಸರಿಯಾದ ತಾಳ ಬಡಿದು ತೋರಿಸುತ್ತಿದ್ದರು. ಅಭ್ಯಾಸಕ್ಕೆಂದು ಒಂದು ಬಜರು ಮಾಡಿಕೊಟ್ಟರು. ಸಂಜೆ ಕೆಲಸದಿಂದ ಬಂದವಳು ನಮ್ಮ ಮನೆಯಲ್ಲಿ ಅದನ್ನು ಕುಟ್ಟುತ್ತಾ ಕೂತರೆ ರೋಡಿನವರೆಲ್ಲ ನಗುತ್ತಿದ್ದರು. ಎದುರುಮನೆಯವರು ನನಗೆ 'ಪೋಸ್ಟಾಫೀಸು' ಅಂತಲೇ ಹೆಸರಿಟ್ಟಿದ್ದರು. ಅಮ್ಮನಿಗೆ ಕಸಿವಿಸಿ, ನನಗೆ ಒಳಗೊಳಗೇ ಹೆಮ್ಮೆ. ನನಗೂ ಲೈಸೆನ್ಸ್ ಬೇಕಿತ್ತು. ನನ್ನದೇ ಕರೆಹೆಸರು, ನನ್ನದೇ ಕೈಯಿಂದ ಹೊರಟು ಜಗತ್ತಿಗೆ ಮುಟ್ಟುವ ಚುಕ್ಕಿ ಗೆರೆ. ಆ ವಯಸ್ಸಿನಲ್ಲಿ ಬೇರೆ ಹುಡುಗಿಯರು ಏನೇನು ಬಯಸುತ್ತಿದ್ದರೋ, ನಾನು ಬಯಸಿದ್ದು ಅದೊಂದನ್ನೇ.

ಮಾವನಿಗೆ ಪ್ರಾಣ ಎಂದರೆ ಕೆಳಗಿನ ಬ್ಯಾಂಡು, ಎಂಬತ್ತು ಮೀಟರಿನದು. ಮೇಲಿನ ಬ್ಯಾಂಡುಗಳಲ್ಲಿ ಯಾರು ಬೇಕಾದರೂ ಮಾತಾಡುತ್ತಾರೆ, ಇಲ್ಲಿ ತಾಳ್ಮೆ ಬೇಕು ಎನ್ನುತ್ತಿದ್ದರು. ಸೂರ್ಯ ಇನ್ನೇನು ಹುಟ್ಟಬೇಕು ಎನ್ನುವ ಹೊತ್ತಿನಲ್ಲಿ ಆ ಬ್ಯಾಂಡಿನಲ್ಲಿ ಬಲು ದೂರದ ದನಿಗಳು ಬಂದು, ಬಿಸಿಲೇರಿದಂತೆ ಕರಗಿಹೋಗುತ್ತವೆ. ಆದರೆ ಅಲ್ಲಿ ದನಿ ಕಳಿಸುವುದಕ್ಕೆ ಉದ್ದುದ್ದ ತಂತಿ ಬೇಕು. ನಮ್ಮ ಮೂವತ್ತು ನಲವತ್ತರ ಸೈಟಿನಲ್ಲಿ ಅಷ್ಟುದ್ದ ಎಲ್ಲಿಂದ ಬರಬೇಕು? ಮಾವನ ಮನೆಯ ಎದುರಿಗೆ, ರಸ್ತೆಯಾಚೆ, ಆ ಊರಿನ ಮೂಲದ ಗೌಡರ ಜಮೀನಿನ ಉಳಿಕೆ ಇತ್ತು. ಮುಂದೆ ಅವರ ತಮ್ಮ ನಡೆಸುತ್ತಿದ್ದ ವೆಲ್ಡಿಂಗ್ ಶೆಡ್ಡು, ಹಿಂದೆ ಎತ್ತರದ ನೀಲಗಿರಿ ಮರಗಳು. ಮಾವ ಹೋಗಿ ಕೇಳಿಕೊಂಡಿದ್ದರು. "ಕಟ್ಕಳಿ ಸ್ವಾಮಿ, ಮರ ಏನ್ ಓಡೋಯ್ತದಾ?" ಎಂದಿದ್ದರಂತೆ ಗೌಡರು. ಹಾಗೆ ಮಾವನ ತಂತಿ ತಾರಸಿಯ ಕಂಬದಿಂದ ಹೊರಟು, ರಸ್ತೆ ದಾಟಿ, ಶೆಡ್ಡಿನ ತಗಡಿನ ಮೇಲೆ ಹಾದು, ನೀಲಗಿರಿಯ ತುದಿ ಸೇರಿತ್ತು. ಬೆಂಗಳೂರಿನಲ್ಲಿ ಅಂಥ ತಂತಿ ಇನ್ನೊಬ್ಬರಿಗಿಲ್ಲ ಎಂದು ಮಾವ ಮಗುವಿನ ಹಾಗೆ ಹೇಳಿಕೊಳ್ಳುತ್ತಿದ್ದರು.

ಆ ವರ್ಷ ಒಂದು ಹೊಸ ಗಲಾಟೆ ಶುರುವಾಯಿತು. ರೇಡಿಯೊದ ತುಂಬ ಝರ್ರ್ ಎನ್ನುವ ಸದ್ದು. ಬೆಳಗ್ಗೆ ವೋಲ್ಟೇಜು ಚೆನ್ನಾಗಿರುವ ಹೊತ್ತಿಗೆ ಶುರುವಾದರೆ ಮಾವನ ದೂರದ ದನಿಗಳೆಲ್ಲ ಅದರಡಿ ಹೂತುಹೋಗುತ್ತಿದ್ದವು. ಕಳಿಸುವ ಉದ್ದನೆಯ ತಂತಿ ಸುತ್ತಮುತ್ತಲಿನ ಕಸವನ್ನೆಲ್ಲ ಬಾಚಿ ತರುತ್ತಿತ್ತು. ಕೇಳುವುದಕ್ಕೇ ಬೇರೆ ಆಂಟೆನಾ ಮಾಡೋಣ ಎಂದರು ಮಾವ. ಅದೇ ಲೂಪು. ಪ್ಯಾಕಿಂಗ್ ಪೆಟ್ಟಿಗೆಯ ರೀಪರುಗಳನ್ನು ಅಡ್ಡಡ್ಡ ಕೂಡಿಸಿ ಚೌಕಟ್ಟು ಮಾಡಿದರು. ಅದರ ಸುತ್ತ ತಾಮ್ರದ ತಂತಿ ಸುತ್ತಿದ್ದು ನಾನು. ಮಳೆ ಬಿಸಿಲಿಗೆ ತಡೆಯಲೆಂದು ನಮ್ಮ ಯೂನಿಟ್ಟಿನಲ್ಲಿ ಕೇಳಿ, ಉಪ್ಪಿನಕಾಯಿ ಬಾಟಲಿಯಲ್ಲಿ ವಾರ್ನಿಷ್ ತಂದು ಬಳಿದೆ. ವಾರಗಟ್ಟಲೆ ಆ ತಾರಸಿ ಅದೇ ವಾಸನೆ ಹೊಡೆಯುತ್ತಿತ್ತು. ಲೂಪನ್ನು ಬೇಕಾದ ಕಡೆ ತಿರುಗಿಸಬೇಕಲ್ಲ, ಅದಕ್ಕೆ ಗುಜರಿಯಿಂದ ತಂದ ಹಳೇ ಸೈಕಲ್ಲಿನ ಫೋರ್ಕನ್ನು ಹ್ಯಾಂಡಲ್ಲಿನ ಸಮೇತ ಒಂದು ಪೈಪಿನಲ್ಲಿ ನಿಲ್ಲಿಸಿ ಅದರ ಮೇಲೆ ಕೂಡಿಸಿದೆವು. ಹ್ಯಾಂಡಲ್ ಹಿಡಿದು ತಿರುಗಿಸಿದರೆ ಲೂಪೂ ತಿರುಗುತ್ತಿತ್ತು. ಅತ್ತೆ ಮೇಲೆ ಬಂದು ನೋಡಿ, "ಎಲ್ಲಿಗೆ ಸವಾರಿ?" ಎಂದು ನಕ್ಕರು.

ಲೂಪಿನ ಗುಣ ವಿಚಿತ್ರ. ಅದರ ಅಂಚು ಯಾವ ಕಡೆಗಿದೆಯೋ ಆ ಕಡೆಯದು ಚೆನ್ನಾಗಿ ಕೇಳುತ್ತದೆ. ಮುಖ ಯಾವ ಕಡೆಗಿದೆಯೋ ಆ ಕಡೆಗೆ ಪೂರ್ತಿ ಕಿವುಡು. ಹಾಗಾಗಿ ಬೇಡದ ಸದ್ದಿನ ಕಡೆಗೆ ಮುಖ ಮಾಡಿ ನಿಲ್ಲಿಸಿಬಿಟ್ಟರೆ ಆ ಸದ್ದು ಸತ್ತು, ಉಳಿದ ದನಿಗಳು ಎದ್ದುಬರುತ್ತವೆ. ನಾವು ಹ್ಯಾಂಡಲ್ ಬಿಗಿದದ್ದೂ ಆ ಲೆಕ್ಕದಲ್ಲೇ, ಸೈಕಲ್ ಹೋಗುವ ದಿಕ್ಕೇ ಕಿವುಡು ದಿಕ್ಕು. "ಸದ್ದಿನ ಮುಖಕ್ಕೇ ಸೈಕಲ್ ಹೊಡಿ, ಸದ್ದು ಸಾಯುತ್ತೆ. ಬೆನ್ನು ಹಾಕಿದ್ರೂ ಅಷ್ಟೇ, ಸಾಯುತ್ತೆ. ಸೈಕಲ್ಲಿಗೆ ಹಿಂದು ಮುಂದು ಇದೆ ಕಣಮ್ಮಾ, ಲೂಪಿಗಿಲ್ಲ," ಎಂದರು ಮಾವ. ಅದನ್ನು ನನ್ನ ಕೈಯಲ್ಲಿ ತಿರುಗಿಸಿಯೇ ತೋರಿಸಿದರು. ಪೂರ್ವಕ್ಕೆ ತಿರುಗಿಸಿದಾಗ ಝರ್ರ್ ನಿಂತಿತು. ಪಶ್ಚಿಮಕ್ಕೆ ತಿರುಗಿಸಿದಾಗಲೂ ನಿಂತಿತು. ಪೂರ್ವಕ್ಕಿದ್ದದ್ದು ಗೌಡರ ಶೆಡ್ಡು, ಪಶ್ಚಿಮಕ್ಕಿದ್ದದ್ದು ನಮ್ಮ ಮನೆ.

ಹಾಗಾದರೆ ಯಾವ ಕಡೆಯದು ಎಂದು ತಿಳಿಯುವುದು ಹೇಗೆ ಅಂತ ಕೇಳಿದೆ. ಮಾವನಿಗೆ ಅಂಥ ಪ್ರಶ್ನೆ ಎಂದರೆ ಹಬ್ಬ. ಲೂಪನ್ನು ಪೈಪಿನಿಂದ ಕಿತ್ತು, ಹೆಗಲ ಮೇಲಿಟ್ಟುಕೊಂಡು, ಒಂದು ಟ್ರಾನ್ಸಿಸ್ಟರ್ ಹಿಡಿದು ಹೊರಟೇಬಿಟ್ಟರು. ರಸ್ತೆಯ ಮೂಲೆಯಲ್ಲಿ, ಉತ್ತರಕ್ಕೆ, ಒಂದು ಖಾಲಿ ಸೈಟಿತ್ತು. ಅಲ್ಲಿ ನಿಂತು ಮತ್ತೆ ತಿರುಗಿಸಿದೆವು. ಈಗ ಸದ್ದು ಸತ್ತ ಗೆರೆ ನಮ್ಮ ಮನೆಯ ಹತ್ತಿರಕ್ಕೂ ಬರಲಿಲ್ಲ, ನೇರ ಗೌಡರ ಶೆಡ್ಡಿಗೆ ಹೋಯಿತು. ಎರಡು ಗೆರೆ ಕೂಡಿದ ಕಡೆ ಕಳ್ಳ ಇರುತ್ತಾನೆ ಎಂದರು. ಶೆಡ್ಡಿಗೆ ಆಗಷ್ಟೇ ಹೊಸ ಆರ್ಗಾನ್ ವೆಲ್ಡಿಂಗ್ ಮೆಷಿನ್ ಬಂದಿತ್ತು, ಅಲ್ಯೂಮಿನಿಯಂ ಬೆಸೆಯುವುದಕ್ಕೆ. ಅದರೊಳಗೆ ಬೆಸುಗೆ ಹೊತ್ತಿಸಲು ಒಂದು ಕಿಡಿ ಹಾರುತ್ತಲೇ ಇರುತ್ತದೆ, ಅದೇ ಆ ಸದ್ದು. ನಾನು ಕುಣಿದಾಡಿಬಿಟ್ಟೆ. ಮಾವ ಮಾತ್ರ ಸ್ವಲ್ಪ ಹೊತ್ತು ಮರದ ತುದಿಯನ್ನೇ ನೋಡುತ್ತಾ ನಿಂತರು. "ಇದು ನಮ್ಮಿಬ್ಬರಲ್ಲೇ ಇರಲಿ ಕಣಮ್ಮಾ. ಗೌಡ್ರು ಬೇಜಾರು ಮಾಡ್ಕೊಂಡ್ರೆ ನನ್ ತಂತಿ ಹೋಗುತ್ತೆ. ನಮಗೇನು, ಲೂಪ್ ಇದೆಯಲ್ಲ." ಅವರೊಡನೆ ಹಂಚಿಕೊಂಡ ಒಂದು ಗುಟ್ಟು ಎಂದು ನಾನು ಅದನ್ನು ಎದೆಗವಚಿಕೊಂಡೆ. ಎಂಥ ಪೆದ್ದಿ.

ಆಮೇಲಿನ ಬೆಳಗುಗಳು... ಅವು ನನ್ನ ಬದುಕಿನ ಒಳ್ಳೆಯ ಬೆಳಗುಗಳು, ಅದನ್ನೂ ಹೇಳಿಬಿಡಬೇಕು. ಅಮ್ಮ ಎದ್ದು ಒಲೆ ಹಚ್ಚುವಷ್ಟರಲ್ಲಿ ನಾನು ಗೋಡೆ ಹತ್ತಿ ಆ ಕಡೆ ಇಳಿದಿರುತ್ತಿದ್ದೆ. ಲೂಪಿನ ಮುಖ ಶೆಡ್ಡಿಗೆ, ಅಂಚು ಉತ್ತರಕ್ಕೆ. ಕಿವಿಗೆ ಹೆಡ್‌ಫೋನು. ರಷ್ಯಾದ ಯಾವನೋ, ಅದಕ್ಕೂ ಆಚೆಯ ಇನ್ಯಾವನೋ. ಅತ್ತೆ ಕಾಫಿ ತಂದಿಟ್ಟು, ತಲೆಯ ಮೇಲೆ ಟೋಪಿ ಹಾಕಿಕೊಳ್ಳೇ, ಇಬ್ಬನಿ ಬೀಳುತ್ತೆ ಎಂದು ಗದರುತ್ತಿದ್ದರು. ನಾನು ಪರೀಕ್ಷೆ ಪಾಸಾದೆ. ಅರ್ಜಿಯ ಜೊತೆ ಇಡುವ ಶಿಫಾರಸಿಗೆ ಮಾವನೇ ಸಹಿ ಹಾಕಿದರು. ಇನ್ನು ಪೊಲೀಸ್ ವಿಚಾರಣೆಯೊಂದು ಬಾಕಿ. ಸ್ಟೇಷನ್ನಿನಿಂದ ಯಾರಾದರೂ ಬಂದು ಅಕ್ಕಪಕ್ಕದವರನ್ನು ಕೇಳಿ ಹೋಗುತ್ತಾರೆ, ಅದಾದರೆ ಲೈಸೆನ್ಸ್ ಬಂದ ಹಾಗೇ ಎಂದಿದ್ದರು.

ಅಷ್ಟರಲ್ಲಿ ನಮ್ಮ ರೋಡಿಗೆ ಟಿ.ವಿ. ಬಂತು. ಒಂದು ಮನೆಗೆ ಬಂದದ್ದು ನೋಡುನೋಡುತ್ತಾ ಎಷ್ಟೋ ಮನೆಗೆ ಬಂತು. ಭಾನುವಾರ ಸಂಜೆ ಸಿನಿಮಾ ಹಾಕುತ್ತಿದ್ದರು. ಇಲ್ಲದವರೆಲ್ಲ ಇದ್ದವರ ಮನೆಯ ನಡುಮನೆಯಲ್ಲಿ, ಜಗಲಿಯಲ್ಲಿ, ಕಿಟಕಿಯಲ್ಲಿ. ಪೀಣ್ಯದ ಆರ್ಡರು ಜಾಸ್ತಿ ಇದ್ದಾಗ ಶೆಡ್ಡು ಭಾನುವಾರವೂ ನಡೆಯುತ್ತಿತ್ತು. ಸಿನಿಮಾ ರಂಗೇರಿದ ಹೊತ್ತಿಗೆ ಸರಿಯಾಗಿ ಪರದೆಯ ತುಂಬ ಬಿಳಿಗೆರೆ, ಮಾತಿನ ಬದಲು ಝರ್ರ್. ಒಂದು ವಾರ ಸಹಿಸಿದರು, ಎರಡು ವಾರ ಗೊಣಗಿದರು. ಮೂರನೆಯದಕ್ಕೆ ಗುಂಪು ಕಟ್ಟಿಕೊಂಡು ಮಾವನ ಗೇಟಿಗೆ ಬಂದರು. ತಪ್ಪೂ ಅಲ್ಲ. ತಾರಸಿಯ ಮೇಲೆ ಕಂಬ ನೆಟ್ಟು ತಂತಿ ಎಳೆದವರು ಅವರೊಬ್ಬರೇ ತಾನೆ. ವೆಲ್ಡಿಂಗ್ ಶೆಡ್ಡು ಮೊದಲಿಂದಲೂ ಇತ್ತು, ಅದರಿಂದ ಯಾರ ರೇಡಿಯೊಗೂ ಏನೂ ಆಗಿರಲಿಲ್ಲ, ಹಾಗಾಗಿ ಅದರ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಗದ್ದಲ ಕೇಳಿ ಅಪ್ಪನೂ ನಾನೂ ಹೋದೆವು. ಮಾವ ಮೇನ್ ಸ್ವಿಚ್ಚು ಆರಿಸಿ ತೋರಿಸಿದರು, ಮನೆಯೆಲ್ಲ ಕತ್ತಲು, ಆದರೂ ಪಕ್ಕದ ಮನೆಯ ಟಿ.ವಿ.ಯಲ್ಲಿ ಗೆರೆ ಹಾಗೇ ಇತ್ತು. ಅಲ್ಲಿಗೆ ಅವರ ಮೇಲಿನ ಅನುಮಾನ ಅರ್ಧ ಕರಗಿತು. "ಹಂಗಾದ್ರೆ ಯಾರ್ದು ಸಾರ್? ನಿಮ್ಮತ್ರ ಆ ಸೈಕಲ್ ಇದೆಯಲ್ಲ, ಅದ್ರಲ್ಲಿ ನೋಡಿ ಹೇಳ್ಬಿಡಿ," ಎಂದರು ಯಾರೋ. ಅಷ್ಟೂ ಜನ ತಾರಸಿ ಹತ್ತಿದರು. ಗೌಡರೂ ಬಂದಿದ್ದರು, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಳ್ಳುತ್ತಾ ಕಂಬಕ್ಕೆ ಒರಗಿ ನಿಂತರು. "ಯಾವ್ ಕಡಿಂದ ಬತ್ತದೆ ಸ್ವಾಮಿ, ನೋಡಿ ಯೋಳಿ," ಎಂದು ಅವರೂ ಕೇಳಿದರು. ಅವರಿಗೂ ಗೊತ್ತಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ನನಗೋ ಒಳಗೊಳಗೇ ಸಂಭ್ರಮ. ಈಗ ಮಾವ ಹೇಗೆ ಜಾಣತನದಿಂದ, ಯಾರಿಗೂ ನೋವಾಗದ ಹಾಗೆ ಹೇಳುತ್ತಾರೋ ನೋಡೋಣ ಎಂದು ಕಾದೆ.

ಮಾವ ಸೆಟ್ಟಿಗೆ ಸ್ಪೀಕರು ಹಚ್ಚಿದರು. ಝರ್ರ್ ಎಂದು ತಾರಸಿಯೆಲ್ಲ ತುಂಬಿತು. ಹ್ಯಾಂಡಲ್ ಹಿಡಿದು ನಿಧಾನ ತಿರುಗಿಸಿದರು. ಪೂರ್ವಕ್ಕೆ ಬಂದಾಗ, ಜನ ಇನ್ನೂ ತಮ್ಮತಮ್ಮಲ್ಲೇ ಮಾತಾಡುತ್ತಿರುವಾಗಲೇ, ಒಂದು ಕ್ಷಣ ಸದ್ದು ಸತ್ತಿತು. ನಾನು ಕೇಳಿಸಿಕೊಂಡೆ. ಅವರೂ ಕೇಳಿಸಿಕೊಂಡರು, ಏಕೆಂದರೆ ಅವರ ಕೈ ಒಂದು ಗಳಿಗೆ ತಡೆಯಿತು. ಆದರೆ ನಿಲ್ಲಿಸಲಿಲ್ಲ. ಸದ್ದು ಮತ್ತೆ ಎದ್ದಿತು. ತಿರುಗಿಸುತ್ತಲೇ ಹೋದರು, ದಕ್ಷಿಣ ದಾಟಿ, ಗೌಡರಿಗೆ ಬೆನ್ನು ಹಾಕಿ, ಪಶ್ಚಿಮಕ್ಕೆ ಬಂದು, ಅಲ್ಲಿ ಸದ್ದು ಎರಡನೇ ಸಲ ಸತ್ತಾಗ ಹ್ಯಾಂಡಲ್ ಬಿಟ್ಟರು. "ಸದ್ದು ಎಲ್ಲಿ ನಿಲ್ಲುತ್ತೋ ಅಲ್ಲಿಂದ ಬರ್ತಿದೆ ಅಂತ ಅರ್ಥ," ಎಂದರು. ಸೈಕಲ್ಲು ನೆಟ್ಟಗೆ ನಮ್ಮ ಮನೆಯ ಕಡೆಗೆ ಹೊರಟು ನಿಂತಿತ್ತು. ಸೈಕಲ್ಲಿನ ಮುಂದು ಯಾವುದು ಹಿಂದು ಯಾವುದು ಎಂದು ಯಾರಿಗೆ ತಾನೇ ಹೇಳಿಕೊಡಬೇಕು? ಎಲ್ಲರೂ ಅದು ಹೊರಟ ಕಡೆಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಪೋಸ್ಟಾಫೀಸು!" ಎಂದು ಎದುರುಮನೆಯವರು ಅಂದೇಬಿಟ್ಟರು. ದಿನಾ ಸಂಜೆ ಕುಯ್ ಕುಯ್ ಅನ್ನಿಸುತ್ತಾಳಲ್ಲ, ನಾನು ಅವತ್ತೇ ಅಂದುಕೊಂಡೆ ಎಂದು ಇನ್ನೊಬ್ಬರು. ನನ್ನ ಬಜರು ಒಂದು ಬ್ಯಾಟರಿ ಸೆಲ್ಲಿನದು, ಪಕ್ಕದ ಕೋಣೆಯ ರೇಡಿಯೊಗೂ ಅದರಿಂದ ತೊಂದರೆಯಿಲ್ಲ. ಆದರೆ ಅದನ್ನು ಹೇಳುವುದಕ್ಕಿಂತ ಮೊದಲು ನಾನು ಮಾವನನ್ನು ನೋಡಿದೆ. ಗುಟ್ಟು ಅವರದು, ಅವರೇ ಬಿಚ್ಚಲಿ ಎಂದು ಇನ್ನೂ ಕಾಯುತ್ತಿದ್ದೆ. "ಮಾವ, ಹಿಂದುಗಡೆನೂ ಇರ್ಬಹುದಲ್ವಾ? ಮೂಲೆ ಸೈಟಿಗೆ ತಗೊಂಡ್ಹೋಗಿ ಇನ್ನೊಂದ್ ಸಲ ನೋಡೋಣ ಮಾವ," ಎಂದೆ. ಅವರು ಸ್ಪೀಕರಿನ ವೈರು ಸುತ್ತುತ್ತಾ, "ಕತ್ತಲಾಗ್ತಾ ಬಂತಮ್ಮ, ಬೇಡ," ಎಂದರು. ಗುಂಪಿನಲ್ಲಿ ಒಬ್ಬರು, ಒಳ್ಳೆಯವರು, ಕೇಳಿದರು ಕೂಡ: "ಏನ್ ಸಾರ್, ಎರಡು ಕಡೆನೂ ಇರ್ಬಹುದು ಅಂತಿದಾಳಲ್ಲ ಹುಡುಗಿ?"

"ಇನ್ನೂ ಕಲೀತಿರೋ ಮಕ್ಕಳು. ಗೊಂದಲ ಇರುತ್ತೆ," ಎಂದರು ಮಾವ.

ಅಷ್ಟೇ ಮಾತು. ಅವರು ನನ್ನನ್ನು ಕಳ್ಳಿ ಎಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅವರೇ ಕೈ ಹಿಡಿದು ತೋರಿಸಿದ್ದನ್ನು, ಅವರೇ ಹೆಗಲ ಮೇಲೆ ಹೊತ್ತು ನಡೆದು ಸಾಧಿಸಿ ಕೊಟ್ಟದ್ದನ್ನು, ನಾನು ಅವರ ಮುಂದೆಯೇ ಹೇಳಿದಾಗ ನನಗೆ ಬುದ್ಧಿ ಸಾಲದು ಎಂದುಬಿಟ್ಟರು. ಅಪ್ಪ ನನ್ನ ಕೈ ಹಿಡಿದು ಕೆಳಗಿಳಿಸಿಕೊಂಡು ಬಂದರು. ಮನೆಗೆ ಬಂದವರೇ ಬಜರಿನ ವೈರು ಕಿತ್ತರು, ದನಿ ಕೇಳಲೆಂದು ನಾನೇ ಜೋಡಿಸಿಕೊಂಡಿದ್ದ ಪುಟ್ಟ ರಿಸೀವರನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. ಶೆಡ್ಡಿನ ವಿಷಯ ಎಲ್ಲ ಹೇಳಿದೆ, ಅಳುತ್ತಾ ಹೇಳಿದೆ. "ಅಷ್ಟು ದೊಡ್ಡೋರು ಸುಳ್ಳು ಹೇಳ್ತಾರೇನೇ? ನಾಳೆ ಫ್ಯಾಕ್ಟರಿ ಬಸ್ಸಲ್ಲಿ ನಾನು ಎಲ್ಲರ ಮುಖ ನೋಡ್ಬೇಕು," ಎಂದರು ಅಪ್ಪ. ಹೆತ್ತ ಅಪ್ಪನೇ ಅವರ ಕಡೆಗೆ ಹೋದಮೇಲೆ ಇನ್ನು ರೋಡಿನವರನ್ನು ದೂರಿ ಏನು ಫಲ.

ಮುಂದಿನ ಭಾನುವಾರ ಸಿನಿಮಾ ಹೂವಿನ ಹಾಗೆ ಬಂತು. ಒಂದು ಗೆರೆಯಿಲ್ಲ. ಎದುರುಮನೆಯಿಂದ ಬಂದ ಅಮ್ಮ, "ನೋಡು, ಈಗ ಎಷ್ಟು ಚೆನ್ನಾಗಿ ಬರ್ತಿದೆ," ಎಂದಳು, ಸಮಾಧಾನ ಮಾಡುವವಳ ಹಾಗೆ. ನಾನು ಮನೆಯಿಂದ ಹೊರಟು, ಸುತ್ತು ಹಾಕಿ, ಆ ರಸ್ತೆಗೆ ಹೋಗಿ ನೋಡಿದೆ. ಶೆಡ್ಡಿಗೆ ಬೀಗ. ವಾರವೆಲ್ಲ ಮೆಷಿನ್ ನಡೆದಿತ್ತು, ಸಿನಿಮಾದ ಹೊತ್ತಿಗೆ ಮಾತ್ರ ಬೀಗ. ಅದರ ಮುಂದಿನ ವಾರವೂ ಹಾಗೇ, ಅದರ ಮುಂದಿನದೂ. ಆರ್ಗಾನ್ ಮೆಷಿನ್ ಯಾವ ಹೊತ್ತಿನಲ್ಲಿ ನಿಲ್ಲಿಸಬೇಕು ಎಂದು ಗೌಡರಿಗೆ ಹೇಳಬಲ್ಲವರು ಆ ಊರಿನಲ್ಲಿ ಇಬ್ಬರೇ ಇದ್ದರು. ನಾನು ಹೇಳಿರಲಿಲ್ಲ, ನನ್ನ ಮಾತನ್ನೇ ನಂಬದ ಅಪ್ಪ ಹೇಳುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿಯವರೆಗೂ, ಗುಂಪು ನೋಡಿ ಹೆದರಿದರೇನೋ ಪಾಪ ಎಂದು ಒಂದು ಮೂಲೆಯಲ್ಲಿ ಅವರನ್ನು ಕ್ಷಮಿಸಿದ್ದೆ. ಆ ಬೀಗ ನೋಡಿದ ಮೇಲೆ ಅದೂ ಹೋಯಿತು. ಅವರು ಹೆದರಿರಲಿಲ್ಲ. ಲೆಕ್ಕ ಹಾಕಿದ್ದರು. ಒಂದು ಕಡೆ ನೀಲಗಿರಿ ಮರ, ಇನ್ನೊಂದು ಕಡೆ ನಾನು. ಮರ ಗೆದ್ದಿತು.

ಕಾನ್ಸ್‌ಟೇಬಲ್ ಬಂದದ್ದು ಅದಾದ ಮೇಲೆ. ಒಳ್ಳೆಯ ಮನುಷ್ಯನೇ. ಕೂತು ನೀರು ಕುಡಿದು, "ಏನ್ ಸಾರ್, ರೋಡ್‌ನೋರೆಲ್ಲ ಕಂಪ್ಲೇಂಟ್ ಹೇಳ್ತಾರೆ. ಹಿಂದಿನ ಮನೆ ಆಫೀಸರ್ ಒಂದ್ ಮಾತು ಹೇಳಿದ್ರೆ ನಾನು ಸರಿಯಾಗಿ ಬರ್ಕೋತೀನಿ," ಎಂದ ಅಪ್ಪನಿಗೆ. ನಾನು ಗೋಡೆ ಹತ್ತಲಿಲ್ಲ. ರಸ್ತೆ ಸುತ್ತಿ, ಮುಂಬಾಗಿಲಿಗೆ ಹೋಗಿ ಕರೆಗಂಟೆ ಒತ್ತಿದೆ. ಅತ್ತೆ ಬಾಗಿಲು ಅರ್ಧ ತೆರೆದರು. ಅವರ ಮುಖದಲ್ಲಿ ಎಂದಿನ ನಗುವೇ ಇತ್ತು, ಅವರಿಗೆ ಏನೂ ಗೊತ್ತಿರಲಿಲ್ಲ. "ಮಲಗಿದಾರಮ್ಮ, ಮೈ ಸರಿ ಇಲ್ಲವಂತೆ, ಯಾರು ಬಂದ್ರೂ ಎಬ್ಬಿಸಬೇಡ ಅಂದಿದಾರೆ," ಎಂದರು. ಅವರ ಬೆನ್ನ ಹಿಂದಿನ ಕೋಣೆಯಿಂದ ಮೋರ್ಸಿನ ಸದ್ದು ಬರುತ್ತಿತ್ತು. ಸೆಟ್ಟು ಹಚ್ಚಿಟ್ಟೇ ಮಲಗಿದ್ದಾರೆ ಎಂದುಕೊಂಡಿರಬೇಕು ಅತ್ತೆ, ಆದರೆ ಅದು ಬರುತ್ತಿದ್ದ ದನಿ ಅಲ್ಲ, ಕಳಿಸುತ್ತಿದ್ದ ಕೈಯದು. ಸಾವಿರ ಕೈಗಳ ನಡುವೆ ಇದ್ದರೂ ಆ ಕೈಯನ್ನು ನಾನು ಗುರುತು ಹಿಡಿಯುತ್ತಿದ್ದೆ. ಯಾರಿಗೋ ಅವರು ಶುಭೋದಯ ಹೇಳುತ್ತಿದ್ದರು, 'ಇಲ್ಲಿ ಹವೆ ಚೆನ್ನಾಗಿದೆ' ಎನ್ನುತ್ತಿದ್ದರು. ನಾನು ನಿಂತು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಬರ್ತೀನಿ ಅತ್ತೆ ಎಂದು ವಾಪಸು ಬಂದೆ.

ಲೈಸೆನ್ಸ್ ಬರಲಿಲ್ಲ. ಅರ್ಜಿ ಒಪ್ಪಲು ಆಗುವುದಿಲ್ಲ ಎಂಬ ಎರಡು ಸಾಲು ಬಂತು. ಮರುವರ್ಷ ಆನೇಕಲ್ಲಿಗೆ ಮದುವೆಯಾಗಿ ಬಂದೆ. ಎಲೆಕ್ಟ್ರಾನಿಕ್ ಸಿಟಿ ಕಡೆ ಆಗ ಹೊಸ ಹೊಸ ಯೂನಿಟ್ಟುಗಳು ಏಳುತ್ತಿದ್ದವು, ಅಲ್ಲೊಂದರಲ್ಲಿ ಮತ್ತೆ ಕಾಯಿಲು ಸುತ್ತಿದೆ. ಇನ್ನೊಂದು ಅರ್ಜಿ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಗಂಡನೂ ಕೇಳಿದರು, ಫಾರಂ ತಂದುಕೊಡಲೂ ತಯಾರಿದ್ದರು. ಹೇಗೆ ಹೇಳಲಿ... ಮೋರ್ಸ್ ಬಡಿಯುವ ಕೀಯ ಮೇಲೆ ಬೆರಳಿಟ್ಟರೆ ಮೇಜಿನ ಮೇಲೆ ತಾಳ ಬಡಿಯುವ ಆ ಇನ್ನೊಂದು ಬೆರಳು ಕಾಣುತ್ತಿತ್ತು. ನನಗೆ ಬಂದ ವಿದ್ಯೆಯೆಲ್ಲ ಅವರ ಕೈಯದು. ಅವರನ್ನು ಬಿಟ್ಟು ಅದನ್ನು ಮಾತ್ರ ಇಟ್ಟುಕೊಳ್ಳುವುದು ನನ್ನಿಂದ ಆಗಲಿಲ್ಲ.

ಮುಂದೆ ಗೌಡರು ಆ ಜಾಗ ಮಾರಿದರು. ಶೆಡ್ಡು ಹೋಯಿತು, ನೀಲಗಿರಿಗಳನ್ನು ಕಡಿದು ಲಾರಿಗೆ ತುಂಬಿದರು, ಮಾವನ ತಂತಿ ರಸ್ತೆಯ ಮೇಲೆ ಬಿದ್ದಿತ್ತು ಎಂದು ಅಮ್ಮ ಹೇಳಿದಳು. ನನಗೆ ಖುಷಿಯಾಯಿತು. ಆ ದಿನ ಪಾಯಸ ಮಾಡಿದ್ದು ಬೇರೆ ಕಾರಣಕ್ಕೆ ಎಂದು ಮನೆಯವರಿಗೆ ಹೇಳಿದೆ, ಅಷ್ಟೇ.

ಮಾವ ತೀರಿಕೊಂಡದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ. ಹೋಗುವುದೋ ಬೇಡವೋ ಎಂದು ಒದ್ದಾಡಿ, ಅತ್ತೆಯ ಮುಖ ನೋಡಿಕೊಂಡು ವೈಕುಂಠ ಸಮಾರಾಧನೆಗೆ ಹೋದೆ. ಹೋದದ್ದರಲ್ಲಿ ಸ್ವಲ್ಪ ಆಸೆಯೂ ಇತ್ತು. ಸಾಯುವ ಮುಂಚೆ ಅವರು ಏನಾದರೂ ಹೇಳಿರಬಹುದು, ಆ ಹುಡುಗಿಗೆ ಅನ್ಯಾಯ ಮಾಡಿದೆ ಅಂತ ಒಂದು ಮಾತು ಅತ್ತೆಯ ಕಿವಿಗಾದರೂ ಹಾಕಿರಬಹುದು ಎಂಬ ಆಸೆ. ಊಟ ಮುಗಿದಿತ್ತು. ಅವರ ರೇಡಿಯೊ ಸ್ನೇಹಿತರು ಕೆಲವರು ಹಜಾರದಲ್ಲಿ ಕೂತಿದ್ದರು. ಅತ್ತೆ ನನ್ನ ಕೈ ಹಿಡಿದು ಅವರ ಮುಂದೆ ನಿಲ್ಲಿಸಿದರು. "ಇವಳೇ ಕಣ್ರೀ ಅವರು ಹೇಳ್ತಿದ್ದ ಹುಡುಗಿ," ಎಂದರು.

"ಓ, ಇವರೇನಾ!" ಎಂದು ಒಬ್ಬರು ಎದ್ದು ಕೈ ಮುಗಿದರು. "ಸಾರ್ ಯಾವಾಗ್ಲೂ ಹೇಳೋರು. ತುಂಬ ಒಳ್ಳೆ ಕೈ ಇತ್ತು, ನಾನೇ ತಯಾರು ಮಾಡಿದ್ದೆ, ಮದುವೆ ಆಯ್ತು ನೋಡಿ, ಎಲ್ಲಾ ಬಿಟ್ಬಿಟ್ಲು, ಹೆಣ್ಮಕ್ಕಳದು ಇಷ್ಟೇ ಅಂತ ಬೇಜಾರು ಮಾಡ್ಕೊಳ್ಳೋರು."

"ಹೂಂ, ಬಹಳ ನೊಂದ್ಕೊಂಡಿದ್ರು," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಂದು ಸಲ ಮೋಸ ಮಾಡುವುದು ಬೇರೆ. ಅದನ್ನು ಮಾಡಿ, ಜೀವಮಾನವೆಲ್ಲ ಅದನ್ನು ನನ್ನ ತಪ್ಪೆಂದು ಹೇಳಿಕೊಂಡು, ಅದಕ್ಕೆ ಬೇಜಾರನ್ನೂ ಪಟ್ಟುಕೊಂಡು, ಕೇಳಿದವರಿಂದ ಅಯ್ಯೋ ಪಾಪ ಎನ್ನಿಸಿಕೊಂಡರಲ್ಲ! "ನಾನು ಬಿಡಲಿಲ್ಲ ಅತ್ತೆ," ಎಂದೆ. ಮುಂದಿನದನ್ನೂ ಹೇಳಿದೆ, ನಿಂತ ನಿಲುವಿನಲ್ಲೇ, ಮೂಲೆ ಸೈಟು, ಶೆಡ್ಡು, ಹ್ಯಾಂಡಲ್ಲು, ಎಲ್ಲ. ಆಮೇಲೆ ಆ ಸ್ನೇಹಿತರು ಮೆಲ್ಲಗೆ, ತೀರ ಮರ್ಯಾದೆಯಿಂದ ಹೇಳಿದರು: "ಎಷ್ಟು ವರ್ಷದ ಮಾತೋ ಮೇಡಂ. ಲೂಪ್‌ನಲ್ಲಿ ದಿಕ್ಕು ಹಿಡಿಯೋದು ಹೊಸಬರಿಗೆ ಸ್ವಲ್ಪ ಗೊಂದಲಾನೇ." ಅತ್ತೆ ನನ್ನ ಕೈಯನ್ನು ಬಿಟ್ಟಿದ್ದರು. ತಾಂಬೂಲ ಕೊಡುವಾಗಲೂ ಅವರು ನನ್ನ ಮುಖ ನೋಡಲಿಲ್ಲ.

ಫ್ಯಾನು ರಿಪೇರಿಯಾಗಿ ಬಂದಿದೆ, ಚೆನ್ನಾಗಿ ತಿರುಗುತ್ತಿದೆ. ಅತ್ತೆಯೂ ಈಗಿಲ್ಲ. ನನ್ನ ಸಿಟ್ಟು ಮಾತ್ರ ಇದೆ, ಅದರ ಜೊತೆಗೆ, ಹೇಳಲು ನಾಚಿಕೆಯಾದರೂ, ಆ ಬೆಳಗುಗಳ ಹಂಬಲವೂ ಇದೆ. ಈಗ ನಾನು ಯಾರಿಗೆ ಹೇಳಿದರೂ ಅದು ವಯಸ್ಸಾದವಳ ಒಂದು ದೂರು. ಅವತ್ತು ಆ ತಾರಸಿಯ ಮೇಲೆ ಅಷ್ಟು ಜನ ನಿಂತಿದ್ದರು, ಆದರೆ ಸದ್ದು ಮೊದಲು ಪೂರ್ವದಲ್ಲಿ ಸತ್ತದ್ದನ್ನು ಕೇಳಿಸಿಕೊಂಡವರು ಇಬ್ಬರೇ. ಹೌದು ಕಣಮ್ಮಾ, ನೀನು ಹೇಳಿದ್ದೇ ಸರಿ ಎನ್ನಬಹುದಾಗಿದ್ದವರು ಅವರೊಬ್ಬರು, ಅವರು ಅದನ್ನು ಹೇಳದೆಯೇ ಹೋಗಿಬಿಟ್ಟರು.